ಕಿಲೋಗೆ ಎಷ್ಟು?

ಉಡುಪಿಯಿಂದ ಮಡಿಲಲ್ಲಿಟ್ಟುಕೊಂಡು ತಂದೆ,
ಗಾಳಿ ತುಂಬಿ ಬಿಗಿದ ಪ್ಲಾಸ್ಟಿಕ್ ಚೀಲ,
ಒಳಗೆ ಎರಡು ಬೆರಳಗಲದ ಕಿತ್ತಳೆ ಜೀವ.
ಮೀನಿನ ಬುಟ್ಟಿಯೆಂದರೆ ಮೂಗು ಮುರಿಯುವ ಕಂಡಕ್ಟರ್
ಇದಕ್ಕೆ ಕಿಟಕಿ ಪಕ್ಕದ ಸೀಟು ತೋರಿಸಿದ.

ಸರಕಾರ ಕಡಲಿಗೆ ಬೀಗ ಹಾಕಿದ ದಿನಗಳು.
ಬೋಟುಗಳೆಲ್ಲ ಮಲ್ಪೆ ಬಂದರಿನಲ್ಲಿ ಮೈಗೆ ಮೈ ತಾಗಿಸಿ ನಿಂತಿದ್ದವು.
ಒಣಮೀನಿನ ಗೋಣಿ ಬಿಚ್ಚುತ್ತಿದ್ದ ಅತ್ತೆ, ಸೀತು ಮರಕಾಲ್ತಿ,
ಚೀಲವನ್ನು ಬೆಳಕಿಗೆ ಹಿಡಿದರು.
"ಕಿಲೋಗೆ ಎಷ್ಟು?"
ಒಂದಕ್ಕೆ ಎಂಬತ್ತು, ಅಂದೆ.
ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.
"ಅಂಜಲಿಗೂ ಈ ರೇಟಿಲ್ಲ ಮಾರಾಯ್ತಿ!"

ತಿನ್ನಲಿಕ್ಕಲ್ಲ, ನೋಡಲಿಕ್ಕೆ.
ಮೀನು ನೋಡುವುದು ಅವರಿಗೆ ಗೊತ್ತು:
ಕಣ್ಣು ಮಂಜಾಗಿದೆಯೇ, ಕಿವಿರು ಕೆಂಪೇ,
ಒತ್ತಿದ ಗುಳಿ ಮೇಲೆದ್ದು ಬರುತ್ತದೆಯೇ.

ಅಂಗಡಿಯವ ಹೇಳಿದ್ದನ್ನೂ ಹೇಳಿದೆ.
ಬಂಗಾರದ ಮೀನು ಮನೆಗೆ ಲಕ್ಷ್ಮಿಯಂತೆ,
ಸತ್ತರೆ ಅಳಬಾರದಂತೆ,
ಮನೆಗೆ ಬರಲಿದ್ದ ಕೆಟ್ಟದ್ದನ್ನು ನುಂಗಿಕೊಂಡು ಹೋಯಿತೆಂದು ತಿಳಿಯಬೇಕಂತೆ.
ಅತ್ತೆ ನಕ್ಕರು, ಬಾಯಿಯ ಎಲೆಯಡಿಕೆ ಜಾರುವಷ್ಟು.
"ನಲವತ್ತು ವರ್ಷ ಸತ್ತ ಮೀನು ತಲೆಯಲ್ಲಿ ಹೊತ್ತವಳು ನಾನು.
ನನ್ನಷ್ಟು ಪೀಡೆ ಕಳೆದುಕೊಂಡವರು ಊರಲ್ಲಿ ಯಾರುಂಟು?"
ಆಮೇಲೆ ಸುಮ್ಮನಾದರು.
ಗೋಡೆಯಲ್ಲಿದ್ದ ಮಾವನ ಫೋಟೋದ ಕಡೆ
ಇಬ್ಬರೂ ನೋಡಲಿಲ್ಲ.

ಚಕ್ಕುಲಿಯ ಗಾಜಿನ ಭರಣಿ ಅದರ ಮನೆಯಾಯಿತು.
ಹೆಸರಿಡುವ ಅಂದರೆ ಬೇಡ ಅಂದರು:
"ಹೆಸರಿಟ್ಟದ್ದನ್ನು ಸಾರು ಮಾಡಲಿಕ್ಕಾಗ್ತದಾ?"
ಸುತ್ತುತ್ತಲೇ ಇರುವ ಅದರ ಮುಂದೆ ಕೂತು
"ನಿನಗೆ ಬಲೆಯೇ ಬೇಡವಲ್ಲ" ಎಂದದ್ದು ಕೇಳಿಸಿತು.
ಒಣ ಬಂಗುಡೆ ಸುಡುವಾಗ
ಭರಣಿಗೆ ಹಳೇ ಸೀರೆಯ ತುಂಡು ಮುಚ್ಚಿದ್ದು ಕಂಡೆ.
ಕೇಳಲಿಲ್ಲ.

ಆಗಸ್ಟ್ ಬಂತು. ಐಸ್ ತುಂಬಿಸಿ, ಡೀಸೆಲ್ ತುಂಬಿಸಿ
ಇವರ ಬೋಟೂ ಹೊರಟಿತು, ಹತ್ತು ದಿನದ ಲೆಕ್ಕ.
ಮೂರನೇ ಬೆಳಿಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅತ್ತೆ ಎತ್ತಿ ಅಂಗೈಯಲ್ಲಿಟ್ಟು
ಹೆಬ್ಬೆರಳಿನಿಂದ ಕಿವಿರು ಸರಿಸಿದರು, ಗಿರಾಕಿಗೆ ತೋರಿಸುವ ಹಾಗೆ.
"ಇವತ್ತಿನದ್ದೇ."
ಬೆಕ್ಕಿಗೆ ಕೊಡಲಿಲ್ಲ. ಬಾಳೆಲೆಯ ಚೂರಿನಲ್ಲಿ ಸುತ್ತಿ
ಬುಟ್ಟಿಯ ತಳದಲ್ಲಿಟ್ಟುಕೊಂಡು ಬಂದರಿಗೆ ಹೋದರು.
ಸಂಜೆ ಬುಟ್ಟಿ ತೊಳೆದದ್ದು ನಾನು; ಎಲೆಯಿರಲಿಲ್ಲ.

ಭರಣಿ ತೊಳೆಯಲು ಎತ್ತಿದೆ.
"ಬೇಡ," ಅಂದರು, "ಅವನು ಬರಲಿ. ಮತ್ತೆ ಚೆಲ್ಲುವ."

ಇವತ್ತಿಗೆ ಎಂಟು ದಿನ.
ನೀರಿನಲ್ಲಿ ಸೊಳ್ಳೆಯ ಮರಿಗಳು ಓಡಾಡುತ್ತಿವೆ,
ಮೇಲೆ, ಕೆಳಗೆ.
ಇಬ್ಬರೂ ನೋಡುತ್ತೇವೆ.