ಬಹುದು

ಅಜ್ಮಾನಿನ ಕೋರ್ಟಿನ ಹಿಂಬದಿ, ಕುಂಞಾಮು ಟೈಪಿಂಗ್ ಸೆಂಟರ್.
ಪುಟಕ್ಕೆ ಹದಿನೆಂಟು ದಿರಹಮ್, ಸೀಲಿನದು ಬೇರೆ.
ಎಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ
ಬೇಲೆಕೇರಿಯ ಬೊಮ್ಮಯ್ಯ ಹರಿಕಂತ್ರ
ಚಪ್ಪಲಿ ಹೊರಗೇ ಬಿಟ್ಟು ಬಂದು ಕೂತಿದ್ದಾರೆ,
ಇದೂ ಯಾವುದೋ ದೇವರ ಕಚೇರಿ ಎಂಬಂತೆ.

ಅವರು ಹೇಳುತ್ತಾರೆ, ನಾನು ಬಡಿಯುತ್ತೇನೆ.
ಕನ್ನಡದಿಂದ ಇಂಗ್ಲಿಷಿಗೆ ನನ್ನ ಕೈ;
ಅಲ್ಲಿಂದ ಅರಬಿಗೆ, ಎದುರು ಮೇಜಿನ ಸುಡಾನಿ ಮುದುಕ.
ನಡುದಾರಿಯಲ್ಲಿ ಎಷ್ಟು ಉಪ್ಪು ಸೋರುತ್ತದೋ
ಲೆಕ್ಕ ಇಟ್ಟವರಿಲ್ಲ.

"ಎಣ್ಣೆ ಹಡಗು. ಮಾಲಕ ಪತ್ತೆಯಿಲ್ಲ.
ಹದಿನಾಲ್ಕು ತಿಂಗಳ ಸಂಬಳ ಇಲ್ಲ.
ಶಮಾಲ್ ಬೀಸಿದ ರಾತ್ರಿ ಲಂಗರು ಕಚ್ಚಲಿಲ್ಲ,
ಹಡಗು ತನ್ನಷ್ಟಕ್ಕೆ ಹೊರಟೇಹೋಯ್ತು.
ಬೆಳಗಿನ ಜಾವ ದೋಣಿ ಬಂತು. ಐದು ಜನ.
ಡೀಸೆಲ್ ಕೊಂಡುಹೋದ್ರು, ಫೋನು ಕೊಂಡುಹೋದ್ರು,
ಅಕ್ಕಿ ಚೀಲಕ್ಕೂ ಕೈ ಹಾಕಿದ್ರು.
ಅಡುಗೆಯ ಮೋತಾಹರ್ ಚೀಲ ತಬ್ಬಿಕೊಂಡ.
ಬಿಡಲಿಲ್ಲ."

ಅವರು ಸುಮ್ಮನಾದರು.
ಪರದೆಯ ಮೇಲೆ ಕರ್ಸರ್ ಮಾತ್ರ
ಕಣ್ಣು ಮಿಟುಕಿಸುತ್ತ ಮುಂದೇನು, ಮುಂದೇನು ಎಂದಿತು.

ವಕೀಲೆ ಮೌಝಾ ಫೋನಿನಲ್ಲಿ ಕೇಳಿದ್ದು ಒಂದೇ:
ಹನ್ನೊಂದು ಮೈಲಿಯೋ? ಹದಿಮೂರೋ?
ಹನ್ನೆರಡರ ಒಳಗಾದರೆ ಈ ದೇಶದ ದರೋಡೆ.
ಆಚೆಗಾದರೆ ಕಡಲ್ಗಳ್ಳತನ,
ಭೂಮಿಯ ಮೇಲಿನ ಎಲ್ಲ ದೇಶಗಳಿಗೂ ಎಸಗಿದ ಅಪರಾಧ.
ಎಲ್ಲರದು ಎಂದರೆ ನನಗೆ ಭಯ:
ಊರೆಲ್ಲರ ದನಕ್ಕೆ ಹುಲ್ಲು ಹಾಕುವವರು ಯಾರು?

"ಮೈಲಿ ಗೊತ್ತಿಲ್ಲ," ಅಂದರು ಬೊಮ್ಮಯ್ಯ.
"ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇತ್ತು.
ಕಸಿದುಕೊಳ್ಳುವಾಗಲೂ ಇತ್ತು."

ಫೈಲಿನಲ್ಲಿ ಆ ಹಡಗಿನ ಬಾವುಟದ ದೇಶದ ಸಂವಿಧಾನ,
ಜೆರಾಕ್ಸು, ಒಂದು ಪುಟ ಓರೆ.
ಬಾವುಟದಲ್ಲೊಂದು ಹಕ್ಕಿ. ಎರಡು ವರ್ಷ ಅದರಡಿ ಉಂಡು ಮಲಗಿದರೂ
ಅದು ಯಾವ ಹಕ್ಕಿ ಎಂದು ಹಡಗಿನಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.
ಎಲ್ಲೋ ಒಂದು ದ್ವೀಪ. ಹತ್ತೊಂಬತ್ತು ಜನರ ಸಂಸತ್ತು.
ಕಲಂ ನಲವತ್ತೊಂದು: ರಾಷ್ಟ್ರಗಳ ನಡುವಣ ನ್ಯಾಯಕ್ಕೆ
ಎರವಾದ ಅಪರಾಧಗಳನ್ನು ಸಂಸತ್ತು
ವ್ಯಾಖ್ಯಾನಿಸಬಹುದು, ದಂಡಿಸಬಹುದು.
ಐವತ್ತು ವರ್ಷದಲ್ಲಿ ಅವರು
ನಾಯಿ ಸಾಕುವುದಕ್ಕೆ ಲೈಸೆನ್ಸು ತಂದಿದ್ದಾರೆ,
ಅಂಚೆಚೀಟಿಗೆ ಮೀನಿನ ಚಿತ್ರ ಗೊತ್ತು ಮಾಡಿದ್ದಾರೆ.
ಇದೊಂದಕ್ಕೆ ಪುರುಸೊತ್ತಾಗಿಲ್ಲ.

"ಅದ್ರಲ್ಲಿ ಎಂತ ಉಂಟು?"
"ದಂಡಿಸಬಹುದು ಅಂತ ಉಂಟು."
"ಬಹುದಾ?" ಬೊಮ್ಮಯ್ಯ ಬಕೆಟ್ಟಿನ ನೀರು ನೋಡಿದರು.
"ನಮ್ಮ ಬದಿ, ಬರಬಹುದು ಅಂದವ ಬರೂದಿಲ್ಲ."

ಅಡೂರಿನ ಶಾಲೆಯ ಪಂಡಿತರು ನೆನಪಾದರು.
ಬಂದಾನು, ತಂದಾನು, ಸಂಭಾವನಾರ್ಥಕ;
ಬರಲಿ, ತರಲಿ, ವಿಧ್ಯರ್ಥಕ.
ಹರಸುವುದಕ್ಕೂ ಅದೇ, ಶಪಿಸುವುದಕ್ಕೂ ಅದೇ ಎಂದು
ಬೆತ್ತ ಮೇಜಿಗೆ ಕುಟ್ಟುತ್ತಿದ್ದರು.
ಒಂದು ದೇಶದ ಬಲವೆಲ್ಲ
ಕ್ರಿಯಾಪದದ ಬಾಲದಲ್ಲಿ ಜೋತುಬಿದ್ದೀತೆಂದು
ಅವರು ಪರೀಕ್ಷೆಗೆ ಕೇಳಿರಲಿಲ್ಲ.
ವ್ಯಾಖ್ಯಾನಿಸದೆ ದಂಡಿಸಲಾಗದು, ಸರಿ.
ಹೆಸರಿಡುವ ತನಕ ಸತ್ತವನು ಏನು?
ಕಾಣೆಯಾದ ಇಪ್ಪತ್ತು ಕಿಲೋ ಅಕ್ಕಿಯೊಡನೆ
ಕಾಣೆಯಾದ ಇನ್ನೊಂದು ಬಾಬತ್ತೆ?

ನಾನು ಬಡಿದೆ: ಮೋತಾಹರ್, ವಯಸ್ಸು ಮೂವತ್ತೊಂದು.
ದೂರದ ಕಾಲಮ್ಮಿನಲ್ಲಿ ಬಡಿದೆ: ಒಂದು ಕಡ್ಡಿ ಸಿಗ್ನಲ್.
ಸುಡಾನಿ ಮುದುಕ ಕನ್ನಡಕ ಮೇಲೇರಿಸಿ
ಕಡ್ಡಿ ಎಂದರೇನು ಎಂದ.
ಬೊಮ್ಮಯ್ಯ ತೋರುಬೆರಳೊಂದನ್ನು ಎತ್ತಿ ಹಿಡಿದರು.
ಮುದುಕ ಬಹಳ ಹೊತ್ತು ಅದನ್ನು ನೋಡಿ,
ತುಟಿ ಅಲುಗಿಸಿ, ಬಲದಿಂದ ಎಡಕ್ಕೆ ಬರೆದ.

ಕುಂಞಾಮು ಸೀಲಿನ ದುಡ್ಡು ಬೇಡವೆಂದ.

ಹೊರಗೆ ಮೆಟ್ಟಿಲಲ್ಲಿ ಚಪ್ಪಲಿ ಇರಲಿಲ್ಲ.
ಮಧ್ಯಾಹ್ನದ ಕಾಂಕ್ರೀಟಿನ ಮೇಲೆ ಒಂದು ಕಾಲೂರಿ, ಒಂದು ಎತ್ತಿ,
ಬೊಮ್ಮಯ್ಯ ಆ ದಿನ ಮೊದಲ ಸಲ ನಕ್ಕರು:
"ಇದು ದಡದ ಮೇಲೇ ಅಲ್ಲವಾ?
ಇದಕ್ಕೆ ಕಾನೂನು ಉಂಟು."