ಮೂವತ್ತು ಹನಿ

ಸೊಂಟದ ಆಪರೇಷನ್ ಸುಸೂತ್ರ. ಮೊದಲೆರಡು ದಿನ
ಲಮಾರಾ ಅಜ್ಜಿ ಸೂಪಿಗೆ ಉಪ್ಪು ಸಾಲದೆಂದು ಜಗಳವಾಡಿದಳು.
ಮೂರನೆಯ ರಾತ್ರಿ ಎರಡು ಗಂಟೆಗೆ ನನ್ನನ್ನು ಕರೆದು
ರಿಯೋನಿ ಹೊಳೆ ಮಂಚದಡಿಗೆ ಬಂದಿದೆ,
ಚಪ್ಪಲಿ ಎತ್ತಿಡು, ಅಂದಳು.

ಕುತೈಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ದುಡಿದವಳು.
ಈಗ ಡ್ರಿಪ್ಪಿನ ಕೊಳವೆ ಕಿತ್ತು ಗೋಡೆಗೆ ಚುಚ್ಚುತ್ತಾಳೆ:
"ಜೆಸ್ತಾಫೋನಿ, ಲೈನಿದೆ, ಮಾತಾಡಿ."
ಬೆವರು. ನಡುಕ. ನಾಡಿ ನೂರಿಪ್ಪತ್ತನಾಲ್ಕು.
ತಿಂಗಳುಗಳನ್ನು ಹಿಂದಿನಿಂದ ಹೇಳಜ್ಜಿ ಅಂದರೆ
ಡಿಸೆಂಬರ್, ನವೆಂಬರ್, ಆಮೇಲೆ ಯಾರದೋ ಮದುವೆ.

ಡಾಕ್ಟರ್ ಅವ್ತಾಂದಿಲ್ ಒಂದೊಂದೇ ಬಾಗಿಲು ತಟ್ಟಿದರು.
ಸೋಂಕೇ? ಮೂತ್ರ ತಿಳಿಯಾಗಿದೆ. ಉಸಿರೇ? ಆಮ್ಲಜನಕ ಸಾಕಷ್ಟಿದೆ.
ರಕ್ತದಲ್ಲಿ ಉಪ್ಪು ಸರಿ, ಸೂಪಿನಲ್ಲಷ್ಟೇ ಕಮ್ಮಿ.
"ಕುಡೀತಾರಾ?"
ಸೊಸೆ ಇರ್ಮಾ ಕೊರಳ ಶಿಲುಬೆ ಮುಟ್ಟಿಕೊಂಡಳು:
ಈಸ್ಟರಿಗೆ ಒಂದು ಗುಟುಕು, ಅದೂ ನೀರು ಬೆರೆಸಿ.
ಮಾತ್ರೆ? ಬಿಪಿಯದೊಂದು. ಅಷ್ಟೇ.
"ವಯಸ್ಸು," ಅಂದರು ಯಾರೋ ಬಾಗಿಲ ಬಳಿ.
ಆ ಪದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ.

ನಾನು ಪಕ್ಕದಲ್ಲಿ ಕೂತು ಅವಳ ಕೈ ನೋಡಿದೆ.
ಬಲಗೈ ತಂತಿ ಚುಚ್ಚುತ್ತಿತ್ತು, ಸರಿ.
ಎಡಗೈಗೆ ಬೇರೆಯೇ ಕೆಲಸ:
ಎರಡು ಬೆರಳ ನಡುವೆ ಇಲ್ಲದ್ದೊಂದನ್ನು ಹಿಡಿದು, ಓರೆ ಮಾಡಿ,
ತುಟಿಯಲ್ಲೇ ಎಣಿಕೆ,
ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು.
ನಿಂತಳು. ಮತ್ತೆ ಒಂದು.
ಯಾವ ಊರಿಗೂ ಫೋನು ಹೀಗೆ ಹಚ್ಚುವುದಿಲ್ಲ.

ಅವಳ ಕೈಚೀಲ ತೆರೆದೆ. ಪುದೀನದ ವಾಸನೆ.
ಕಾಗದದಲ್ಲಿ ಸುತ್ತಿದ ಸಕ್ಕರೆ ತುಂಡುಗಳು, ಒಂದು ಕಂದು ಸೀಸೆ, ಖಾಲಿ.
"ಅಯ್ಯೋ, ಅದು ಮದ್ದಲ್ಲ," ಅಂದಳು ಇರ್ಮಾ, "ಎದೆಯ ಹನಿ.
ಮಾವ ಸತ್ತ ವರ್ಷದಿಂದ, ರಾತ್ರಿ, ಸಕ್ಕರೆಯ ಮೇಲೆ.
ಅಕ್ಕಪಕ್ಕದವರೆಲ್ಲ ತಗೋತಾರೆ."
ಹೆಸರು ಎದೆಯದು, ಒಳಗಿರುವುದು ನಿದ್ದೆಯ ಮದ್ದು.
ನಾವು ಆಪರೇಷನ್ನಿನಿಂದ ದಿನ ಎಣಿಸುತ್ತಿದ್ದೆವು;
ಅವಳ ಮೈ, ಜಾರಿ ಬಿದ್ದ ದಿನದಿಂದ.

ಅವ್ತಾಂದಿಲ್ ಸೀಸೆ ಮೂಸಿ ಬಹಳ ಹೊತ್ತು ಸುಮ್ಮನಿದ್ದರು.
"ನಮ್ಮಮ್ಮನ ದಿಂಬು," ಅಂದರು. ಆಮೇಲೆ ಡೋಸು ಬರೆದರು,
ಮೆಟ್ಟಿಲು ಮೆಟ್ಟಿಲಾಗಿ ಇಳಿಸಲು.

ಎರಡು ದಿನಕ್ಕೆ ಹೊಳೆ ತನ್ನ ಪಾತ್ರಕ್ಕೆ ಮರಳಿತು.
ಲಮಾರಾ ಕನ್ನಡಕ ಕೇಳಿದಳು, ನನ್ನ ಹೆಸರು ಕೇಳಿದಳು,
ಚೀಲ ಮುಟ್ಟಿದವರು ಯಾರೆಂದು ಕೇಳಿದಳು.

ದಾಖಲಾತಿ ಫಾರಂನಲ್ಲಿ, 'ಮದ್ಯಪಾನ' ಎಂಬ ಸಾಲಿನ ಕೆಳಗೆ
ಪೆನ್ಸಿಲಿನಲ್ಲಿ ಬರೆದಿಡುತ್ತೇನೆ:
ರಾತ್ರಿ ಸಕ್ಕರೆಗೆ ಏನು ಹಾಕ್ತೀರಿ?
ಮೇಲಿನವರು ಈವರೆಗೆ ಎರಡು ಸಲ ಅಳಿಸಿದ್ದಾರೆ.