ಖಾಲಿ ಗಾಡಿಯ ತೂಕ

ಕಣ್ಣು ಮುಚ್ಚಿ, ಅಂತಾರೆ ನಫೀಸಾ ಮೇಡಂ.
ಮುಚ್ತೀನಿ.
ಚುಚ್ಚಿದ್ದೋ, ಸವರಿದ್ದೋ?
ಎದೆ ಹತ್ರ ಗೊತ್ತಾಯ್ತದೆ: ಇದು ಪಿನ್ನು, ಇದು ಹತ್ತಿ.
ಹೊಕ್ಕಳ ದಾಟಿದ ಮೇಲೆ
ಗಡಿಯಾಚೆ ಯಾವುದೋ ಬೇರೆ ಊರು,
ಅಲ್ಲೇನು ನಡೀತದೋ ಸುದ್ದಿ ಬರಲ್ಲ.
ಸೊನ್ನೆ, ಅಂತ ಮೆತ್ತಗೆ ಅಂದು ಬರ್ಕೋತಾರೆ.
ಎಡಗಾಲು ಸೊನ್ನೆ. ಬಲಗಾಲು ಸೊನ್ನೆ.
ಕದ್ದು ಕಣ್ಣು ತೆರೆದರೆ
ಹತ್ತಿ ನನ್ನ ಪಾದದ ಮೇಲೇ ಅದೆ,
ಇನ್ಯಾರದೋ ಪಾದದ ಮೇಲಿದ್ದಂಗೆ.

ಮದ್ದೂರು ಸುತ್ತ ನಾನು ಹತ್ತದ ತೋಟ ಇರಲಿಲ್ಲ.
ತೆಂಗಿನ ಮೈಮೇಲೆ ಗರಿ ಬಿದ್ದ ಗುರುತು, ಬಳೆ ಬಳೆ.
ಅದನ್ನ ಕಾಲು ಎಣಿಸ್ತಿತ್ತು, ನಾನಲ್ಲ.
ಆವತ್ತು ಮಳೆಯೂ ಇಲ್ಲ, ಗಾಳಿಯೂ ಇಲ್ಲ,
ಕುಡಿದೂ ಇರಲಿಲ್ಲ, ಎಲ್ಲರೂ ಮೊದಲು ಕೇಳೋದು ಅದನ್ನೇ.
ಒಣಗಿದ ಮಟ್ಟೆ ಹಿಡಿದೆ, ಅಷ್ಟೇ.
ಗೂಡ್ಸ್ ಆಟೋದಲ್ಲಿ ಎಳನೀರಿನಂಗೆ ಉರುಳಾಡ್ಕೊಂಡು ಬಂದೆ.
ಬೆನ್ನು ಅಲ್ಲಾಡಿಸಬಾರದಿತ್ತು,
ಹಲಗೆ ಮೇಲೆ ಮಲಗಿಸಿ ತರಬೇಕಿತ್ತು
ಅಂತ ಮೈಸೂರಲ್ಲಿ ಡಾಕ್ಟ್ರು ಅಂದಾಗ
ನನ್ನ ಭಾಮೈದ ಗೋಡೆ ಕಡೆ ತಿರುಗಿಕೊಂಡ.
ಎತ್ತಿ ಹಾಕ್ಕೊಂಡು ಬಂದೋನು ಅವನೇ.
ಇವತ್ತಿಗೂ ನನ್ನೆದುರು ಕೂತು ಉಣ್ಣಲ್ಲ.

ಬೆನ್ನಿಗೆ ಎರಡು ಬಿಲ್ಲೆ ಅಂಟಿಸ್ತಾರೆ. ವೈರು, ಪುಟ್ಟ ಡಬ್ಬಿ.
ಕೆಲವರಿಗೆ ನಿಜವಾದ ಕರೆಂಟು, ಕೆಲವರಿಗೆ ಬರೀ ದೀಪ.
ಯಾರಿಗೆ ಯಾವುದು ಅಂತ
ನಮಗೂ ಗೊತ್ತಿಲ್ಲ, ಮೇಡಮ್ಮಿಗೂ ಗೊತ್ತಿಲ್ಲ,
ಅಂಟು ಹಾಕಿದ ಲಕೋಟೆಗೆ ಮಾತ್ರ ಗೊತ್ತು.
ಓದಿಸಿ ಕೇಳಿ ಸಹಿ ಹಾಕಿದೀನಿ,
ಬೋರಲಿಂಗ, ಬೋರಲಿಂಗ, ಬೋರಲಿಂಗ, ಮೂರು ಕಡೆ.
ಪಕ್ಕದ ಮಂಚದಲ್ಲಿ ಹುಣಸೂರಿನ ದಸ್ತಗೀರ್ ನಗ್ತಾನೆ:
ತ್ರೀ ಫೇಸು ಕಣಣ್ಣ ಇದು,
ಸ್ವಿಚ್ಚು ಒತ್ತಿ ಮೋಟ್ರು ಮುಂದೆ ಕಾಯ್ತಾ ಕೂರೋದು,
ಬಂತೋ ಬಂತು.

ಏಳನೇ ವಾರ ಹೆಬ್ಬೆರಳು ಅಲ್ಲಾಡ್ತು.
ದೇವಾಜಿ ಕೂಗಿದ್ದು ಮೇಲಿನ ಮಹಡಿಗೂ ಕೇಳಿಸ್ತಂತೆ.
ಮೇಡಂ ಓಡಿ ಬಂದರು. ನೋಡಿದರು.
ಇನ್ನೊಂದ್ಸಲ ಅಲ್ಲಾಡಿಸಿ, ಅಂದರು.
ಅದು ತನ್ನಿಷ್ಟಕ್ಕೆ ಅಲ್ಲಾಡ್ತದೆ, ನನ್ನ ಮಾತಿಗಲ್ಲ.
ಸೆಳೆತ ಇದು ಬೋರಲಿಂಗಣ್ಣ, ಅಂದರು.
ಆ ಒಂದು ಮಾತು ಆಡೋಕೆ ಮುಂಚೆ
ಎಷ್ಟೋ ಹೊತ್ತು ನನ್ನ ಕಾಲು ಹಿಡ್ಕೊಂಡು ಕೂತಿದ್ರು
ಅಂತ ದೇವಾಜಿ ಆಮೇಲೆ ಹೇಳಿದಳು.
ನನಗೆ ಹೆಂಗೆ ಗೊತ್ತಾಗಬೇಕು.

ಲಕೋಟೆ ಒಡೆದಾಗ ನನ್ನದು ಬರೀ ದೀಪ.
ದಸ್ತಗೀರನದು ಕರೆಂಟು. ಅವನ ಮಂಡಿ ವಸಿ ಮಡಚ್ತದೆ,
ಸೆಳೆತವಲ್ಲ, ಅವನೇ ಮಡಚಿದ್ದು.
ಮೇಡಂ ಏನೋ ಸಮಾಧಾನ ಹೇಳೋಕೆ ಹೊರಟರು.
ನಾನಂದೆ: ಸಕ್ಕರೆ ಫ್ಯಾಕ್ಟರೀಲಿ ಕಬ್ಬು ತುಂಬಿದ ಲಾರಿ ತೂಗ್ತಾರೆ,
ಇಳಿಸಿದ ಮೇಲೆ ಖಾಲಿ ಲಾರೀನೂ ತೂಗ್ತಾರೆ.
ಖಾಲಿ ತೂಕ ಬರೀದಿದ್ರೆ
ಕಬ್ಬೆಷ್ಟು ಅಂತ ಯಾವ ಮಗನಿಗೆ ಗೊತ್ತಾಯ್ತದೆ?
ಬರ್ಕೊಳಿ ಮೇಡಂ, ಸೊನ್ನೆ.

ಹಂಗಂದೆ. ರಾತ್ರಿ ಮಾತ್ರ
ದಿಂಬು ಕಚ್ಕೊಂಡು ಬೈದೆ, ಯಾರನ್ನ ಅಂತ ಗೊತ್ತಿಲ್ಲ.

ಈಗ ಎಳನೀರು ಮಾರ್ಕೆಟ್ಟಲ್ಲಿ ವಿಂಗಡಿಸೋ ಕೆಲಸ,
ಗಾಲಿ ಕುರ್ಚಿ ಮೇಲೆ.
ತಟ್ಟಿದರೆ ಸಾಕು, ಗಂಜಿಯೋ ನೀರೋ ಹೇಳ್ತೀನಿ,
ಕಣ್ಣು ಮುಚ್ಚಿ ಬೇಕಾದರೂ.
ಕಾಲು ಗಂಟೆಗೊಮ್ಮೆ ಫೋನು ಕೂಗ್ತದೆ:
ಎರಡು ಕೈ ಊರಿ ಮೈ ಎತ್ತು,
ಇಲ್ಲಾಂದ್ರೆ ಕೂತಲ್ಲೇ ಹುಣ್ಣು.
ಎತ್ತೋದು ನಾಕು ಬೆರಳು. ದಿನಕ್ಕೆ ಅರವತ್ತು ಸಲ.
ಒಂದಿನ ಸುಮ್ನೆ ಕೂಡಿ ನೋಡಿದೆ,
ಗಿಡ್ಡ ತಳಿ ಮರ ಒಂದರ ಎತ್ತರ ಆಯ್ತು.
ಗೊನೆ ಕೈಗೆ ಸಿಗಲ್ಲ, ನಿಜ.
ತಡೀರಿ, ಫೋನು ಕೂಗ್ತು.